ಭಾವಚಿತ್ರಕ್ಕೊಂದು ಲೆನ್ಸು

ಕ್ಯಾಮರಾವನ್ನು ಹೊಸದಾಗಿ ಕೈಗೆ ತೆಗೆದುಕೊಂಡವನು ಮೊದಲು ಸೆರೆಹಿಡಿಯುವುದು ದಾಸವಾಳದ ಹೂವನ್ನು, ಸೂರ್ಯಾಸ್ತವನ್ನು, ಬೇಲಿಯ ಮೇಲಿನ ಓತಿಕ್ಯಾತವನ್ನು. ಚಿತ್ರ ಕೆಟ್ಟಿತೆಂದು ಇವು ಯಾವುವೂ ಆಕ್ಷೇಪಿಸುವುದಿಲ್ಲ. ಆದರೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಕ್ಯಾಮರಾ ತಾನಾಗಿಯೇ ಮನುಷ್ಯರ ಮುಖದ ಕಡೆಗೆ ತಿರುಗುತ್ತದೆ. ತಾಯಿ, ಅಜ್ಜಿ, ಕೊಠಡಿಯ ಗೆಳೆಯ, ಈ ವರ್ಷ ನಿವೃತ್ತರಾಗಲಿರುವ ಗುರುಗಳು, ಹೀಗೆ ಒಬ್ಬೊಬ್ಬರಾಗಿ ಅದರ ಮುಂದೆ ಬಂದು ಕೂರುತ್ತಾರೆ. ಕ್ಯಾಮರಾದೊಡನೆ ಬಂದ 18–55 ಮಿ. ಮೀ. ಜೂಮ್ ಲೆನ್ಸು ಮುಖದ ಕೆಲಸಕ್ಕೆ ಸಾಲದೆಂಬುದು ಆಗಲೇ ಗೊತ್ತಾಗುವುದು. ನಡುಮನೆಯ ಮಂದಬೆಳಕಿನಲ್ಲಿ ಚಿತ್ರ ಅಲುಗುತ್ತದೆ. ಅಜ್ಜಿಯ ಹಿಂದೆ ತೂಗುಹಾಕಿದ ಸೊಸೈಟಿಯ ಕ್ಯಾಲೆಂಡರು ಅಜ್ಜಿಯಷ್ಟೇ ಸ್ಪಷ್ಟವಾಗಿ ಮೂಡುತ್ತದೆ. ಇದಕ್ಕೆ ಪರಿಹಾರವೆಂದು ಬಲ್ಲವರು ಸೂಚಿಸುವುದು ಸ್ಥಿರ ನಾಭಿದೂರದ ಒಂದು ಲೆನ್ಸನ್ನು; ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಪ್ರೈಮ್ ಲೆನ್ಸನ್ನು. ಯಾವ ಪ್ರೈಮ್ ಲೆನ್ಸು? 35 ಮಿ. ಮೀ. ಉಳ್ಳದ್ದೋ, 50 ಉಳ್ಳದ್ದೋ, 85 ಉಳ್ಳದ್ದೋ?

ಮೂರನ್ನೂ ಕೊಳ್ಳುವ ಶಕ್ತಿಯಿದ್ದವರಿಗೆ ಇದು ಪ್ರಶ್ನೆಯೇ ಅಲ್ಲ. ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗಳಾದ ನಮ್ಮಲ್ಲಿ ಬಹುಮಂದಿ ಒಂದನ್ನು ಕೊಳ್ಳುವುದಕ್ಕೇ ಒಂದು ವರ್ಷ ಹಣ ಕೂಡಿಡಬೇಕು. ಅಷ್ಟೇ ಅಲ್ಲ, ತೆಗೆಯಬೇಕಾದ ಚಿತ್ರಗಳೂ ಸಾಮಾನ್ಯವಾದುವಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರ ಒಳ್ಳೆಯ ಚಿತ್ರವೊಂದೂ ಇರುವುದಿಲ್ಲ. ಅವರು ತೀರಿಕೊಂಡ ಮೇಲೆ ಗುರುತಿನ ಚೀಟಿಯ ಅಂಚೆಚೀಟಿಯಷ್ಟು ಚಿತ್ರವನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾರ ಹಾಕುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮೊಮ್ಮಗನ ಕೈಯಲ್ಲಿ ಕ್ಯಾಮರಾ ಇದ್ದೂ ಹಾಗಾಗಬಾರದು.

ಲೆನ್ಸಿನ ವಿಷಯದಲ್ಲಿ ಸಲಹೆಗಳಿಗೆ ಕೊರತೆಯಿಲ್ಲ. ಅಂಗಡಿಯವರು 50 ಸಾಕೆನ್ನುತ್ತಾರೆ. ಫಿಲ್ಮಿನ ಕಾಲವನ್ನು ಕಂಡ ಹಿರಿಯರು, ಮುಖಕ್ಕೆ 85ಕ್ಕಿಂತ ಕಡಿಮೆ ಕೂಡದೆನ್ನುತ್ತಾರೆ. ಇಬ್ಬರ ಮಾತಿಗೂ ಕಾರಣವಿದೆ. ಆ ಕಾರಣವನ್ನು ಬಿಟ್ಟು ಸಂಖ್ಯೆಯನ್ನು ಮಾತ್ರ ಹಿಡಿದುಕೊಂಡು ಹೊರಟರೆ ಹಣ ವ್ಯರ್ಥವಾಗುತ್ತದೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು: ಆರಿಸಬೇಕಾದದ್ದು ಮೊದಲು ದೂರವನ್ನು, ಆಮೇಲೆ ಲೆನ್ಸನ್ನು.

ಈ ಮಾತನ್ನು ಪರೀಕ್ಷಿಸುವುದಕ್ಕೆ ಕ್ಯಾಮರಾ ಕೂಡ ಬೇಡ. ಒಂದು ಕಣ್ಣನ್ನು ಮುಚ್ಚಿಕೊಂಡು ಗೆಳೆಯನ ಮುಖವನ್ನು ಒಂದು ಗೇಣಿನಷ್ಟು ಹತ್ತಿರದಿಂದ ನೋಡಿ. ಮೂಗು ಮುಂದಕ್ಕೆ ಬಂದು ದಪ್ಪನಾಗಿ ಕಾಣುತ್ತದೆ. ಕಿವಿಗಳು ಕೆನ್ನೆಯ ಹಿಂದೆ ಅಡಗುತ್ತವೆ. ಹಣೆ ಹಿಂದಕ್ಕೆ ಸರಿಯುತ್ತದೆ. ಹಾಗೆಯೇ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿ. ಕಿವಿಗಳು ಮತ್ತೆ ಹೊರಗೆ ಬರುತ್ತವೆ, ಮೂಗು ತನ್ನ ಸ್ಥಾನಕ್ಕೆ ಮರಳುತ್ತದೆ, ಮುಖ ನಮಗೆ ಪರಿಚಿತವಾದ ಮುಖವಾಗುತ್ತದೆ. ನಿಮ್ಮ ಕಣ್ಣಿನ ಲೆನ್ಸೇನೂ ಬದಲಾಗಲಿಲ್ಲ. ಬದಲಾದದ್ದು ದೂರ ಮಾತ್ರ.

ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮೂಗಿನ ತುದಿಯಿಂದ ಕಿವಿಯವರೆಗೆ ಸುಮಾರು 12 ಸೆಂ. ಮೀ. ಆಳವಿದೆಯೆಂದು ಇಟ್ಟುಕೊಳ್ಳೋಣ. ಮೂಗಿಗೆ 60 ಸೆಂ. ಮೀ. ದೂರದಲ್ಲಿ ಕ್ಯಾಮರಾ ಇದ್ದರೆ ಕಿವಿ 72 ಸೆಂ. ಮೀ. ದೂರದಲ್ಲಿರುತ್ತದೆ. ವಸ್ತುವಿನ ಬಿಂಬ ದೂರಕ್ಕೆ ವಿಲೋಮವಾಗಿ ಕುಗ್ಗುವುದರಿಂದ ಕಿವಿಗೆ ಹೋಲಿಸಿದರೆ ಮೂಗು ಶೇಕಡಾ 20ರಷ್ಟು ಹಿಗ್ಗಿ ಕಾಣುತ್ತದೆ. ಒಂದು ಮೀಟರಿನಿಂದ ನೋಡಿದರೆ ಈ ಹಿಗ್ಗು ಶೇಕಡಾ 12ಕ್ಕೆ ಇಳಿಯುತ್ತದೆ. ಒಂದೂವರೆ ಮೀಟರಿನಿಂದ 8ಕ್ಕೆ. ಎರಡೂವರೆ ಮೀಟರಿನಿಂದ ಹೆಚ್ಚು ಕಡಿಮೆ 5ಕ್ಕೆ. ಅಲ್ಲಿಂದ ಮುಂದೆ ಹಿಂದಕ್ಕೆ ಸರಿದಷ್ಟೂ ಲಾಭ ಅಲ್ಪ. ಮೇಲಾಗಿ ಬಹುದೂರದಿಂದ ತೆಗೆದ ಮುಖ ತಟ್ಟೆಯಂತೆ ಚಪ್ಪಟೆಯಾಗಿ ತೋರುವುದೂ ಉಂಟು. ನಾವು ಮನುಷ್ಯರನ್ನು ನೋಡಿ ಮಾತಾಡಿಸುವುದು ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಮೀಟರುಗಳ ಅಂತರದಲ್ಲಿ. ನಮ್ಮ ನೆನಪಿನಲ್ಲಿರುವ ಮುಖ ಆ ಅಂತರದಿಂದ ಕಂಡ ಮುಖ. ಭಾವಚಿತ್ರವನ್ನು ಅಷ್ಟೇ ದೂರದಿಂದ ತೆಗೆದರೆ ‘ಹೌದು, ಇವರು ಹೀಗೆಯೇ ಇದ್ದರು’ ಎಂದು ನೋಡಿದವರಿಗೆ ಅನಿಸುತ್ತದೆ.

ಮೊಬೈಲು ಫೋನನ್ನು ತೋಳಿನಳತೆಯಲ್ಲಿ ಹಿಡಿದು ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳುವ ಸಹಪಾಠಿಗಳು ತಮ್ಮ ಮೂಗಿನ ಮೇಲೆ ಅಸಮಾಧಾನಪಡುವುದನ್ನು ಕೇಳಿದ್ದೇನೆ. ಮೂಗಿನ ತಪ್ಪೇನೂ ಇಲ್ಲ. 2018ರಲ್ಲಿ ಅಮೆರಿಕದ ಮುಖ ಶಸ್ತ್ರಚಿಕಿತ್ಸಾ ಪತ್ರಿಕೆಯೊಂದರಲ್ಲಿ ವೈದ್ಯರು ಇದೇ ವಿಷಯವನ್ನು ಲೆಕ್ಕ ಹಾಕಿ ಪ್ರಕಟಿಸಿದರು. ಹನ್ನೆರಡು ಅಂಗುಲ ದೂರದಿಂದ ತೆಗೆದ ಚಿತ್ರದಲ್ಲಿ ಮೂಗಿನ ಅಗಲ ಸುಮಾರು ಶೇಕಡಾ 30ರಷ್ಟು ಹೆಚ್ಚಾಗಿ ಕಾಣುತ್ತದೆಂದೂ ಐದು ಅಡಿ ದೂರದಲ್ಲಿ ಈ ವಿಕಾರ ಗಣನೆಗೆ ಬಾರದಷ್ಟು ಕಡಿಮೆಯೆಂದೂ ಅವರು ತೋರಿಸಿದರು. ಐದು ಅಡಿಯೆಂದರೆ ನಮ್ಮ ಒಂದೂವರೆ ಮೀಟರು.

ದೂರವೇ ಎಲ್ಲವನ್ನೂ ತೀರ್ಮಾನಿಸುವುದಾದರೆ ನಾಭಿದೂರದ ಕೆಲಸವೇನು? ದೂರದ ವಸ್ತುವಿನಿಂದ ಬಂದ ಕಿರಣಗಳು ಲೆನ್ಸನ್ನು ಹಾದು ಎಷ್ಟು ಅಂತರದಲ್ಲಿ ಒಂದೆಡೆ ಸೇರುತ್ತವೆಯೋ ಆ ಅಂತರವೇ ನಾಭಿದೂರ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಇದನ್ನೇ ಸಂಗಮದೂರವೆಂದು ಓದಿದ್ದೇವೆ. ನಾಭಿದೂರ ಹೆಚ್ಚಾದಷ್ಟೂ ಬಿಂಬ ದೊಡ್ಡದಾಗುತ್ತದೆ, ಚೌಕಟ್ಟಿನೊಳಗೆ ಹಿಡಿಸುವ ದೃಶ್ಯ ಕಿರಿದಾಗುತ್ತದೆ. ನಾವು ಆರಿಸಿಕೊಂಡ ದೂರದಲ್ಲಿ ನಿಂತಾಗ ಚೌಕಟ್ಟು ಮುಖದಿಂದ ತುಂಬಬೇಕೋ, ಮುಖದ ಸುತ್ತ ಅರ್ಧ ಗೋಡೆಯೂ ಬರಬೇಕೋ ಎಂಬುದನ್ನು ನಾಭಿದೂರ ನಿರ್ಣಯಿಸುತ್ತದೆ. ಮುಖದ ಆಕಾರವನ್ನು ಅದು ಮುಟ್ಟುವುದಿಲ್ಲ. ಗಿಡ್ಡ ಲೆನ್ಸು ಮುಖವನ್ನು ಕೆಡಿಸುತ್ತದೆಂಬ ಅಪವಾದ ಹುಟ್ಟಿದ್ದು ಹೇಗೆಂದರೆ, ಚೌಕಟ್ಟನ್ನು ತುಂಬಿಸುವ ಆಸೆಯಿಂದ ಛಾಯಾಗ್ರಾಹಕ ಮುಂದೆ ಮುಂದೆ ಹೋಗಿ ಮುಖಕ್ಕೆ ತಾಗುವಂತೆ ನಿಲ್ಲುತ್ತಾನೆ. ಕೆಡಿಸಿದ್ದು ಅವನ ಕಾಲು, ಬೈಗುಳ ಲೆನ್ಸಿಗೆ.

ಭಾವಚಿತ್ರಕ್ಕೆಂದೇ ಲೆನ್ಸನ್ನು ರೂಪಿಸುವ ಯೋಚನೆ ಛಾಯಾಗ್ರಹಣದಷ್ಟೇ ಹಳೆಯದು. 1839ರಲ್ಲಿ ಪ್ಯಾರಿಸಿನಲ್ಲಿ ದಗೇರನ ವಿಧಾನ ಬಹಿರಂಗವಾದಾಗ ಲೆನ್ಸುಗಳು ಎಷ್ಟು ಮಂದವಾಗಿದ್ದುವೆಂದರೆ, ಚಿತ್ರ ಮೂಡಲು ನಿಮಿಷಗಟ್ಟಲೆ ಬೇಕಾಗುತ್ತಿತ್ತು. ಅಷ್ಟು ಹೊತ್ತು ಕಣ್ಣು ಮಿಟುಕಿಸದೆ ಕೂರುವ ಮನುಷ್ಯನಾದರೂ ಯಾರು? ಮರುವರ್ಷವೇ, ಎಂದರೆ 1840ರಲ್ಲಿ, ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ ಯೋಸೆಫ್ ಪೆಟ್ಸ್‌ವಾಲ್ ಎಂಬಾತ ಲೆಕ್ಕದ ಬಲದಿಂದಲೇ ಎಫ್ 3.6ರ ಲೆನ್ಸೊಂದನ್ನು ರೂಪಿಸಿದ. ಫೋಗ್ಟ್‌ಲೆಂಡರ್ ಸಂಸ್ಥೆಯವರು ಅದನ್ನು ತಯಾರಿಸಿದರು. ನಿಮಿಷಗಳು ಸೆಕೆಂಡುಗಳಿಗೆ ಇಳಿದುವು. ಅದರ ಬಿಂಬ ನಡುವೆ ಮಾತ್ರ ಚೂಪು, ಅಂಚಿನಲ್ಲಿ ಮಸುಕು. ಭೂದೃಶ್ಯಕ್ಕೆ ಇದು ದೋಷ, ಮುಖಕ್ಕೆ ಗುಣ. ನಮ್ಮ ಕಲಾವಿಭಾಗದ ಮಿತ್ರರು ಗಣಿತವನ್ನು ಕಂಡರೆ ಮುಖ ತಿರುಗಿಸುವುದುಂಟು. ಜಗತ್ತಿನ ಮೊದಲ ಭಾವಚಿತ್ರದ ಲೆನ್ಸನ್ನು ಕೊಟ್ಟವನು ಒಬ್ಬ ಗಣಿತದ ಮೇಷ್ಟ್ರು ಎಂಬುದನ್ನು ಅವರು ಗಮನಿಸಲಿ.

ಈಗ ನಾವು ಕೇಳುವ 85, 105 ಎಂಬ ಸಂಖ್ಯೆಗಳು ಬಂದದ್ದು ಬೇರೆ ದಾರಿಯಿಂದ. ಜರ್ಮನಿಯ ವೆಟ್ಸ್‌ಲಾರಿನಲ್ಲಿ ಲೈಟ್ಸ್ ಸಂಸ್ಥೆಯ ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಕ್ಯಾಮರಾ 1925ರಲ್ಲಿ ಮಾರುಕಟ್ಟೆಗೆ ಬಂದಿತು. ಅದರಲ್ಲಿ ಸಿನಿಮಾ ಫಿಲ್ಮಿನ ಮೇಲೆ ಮೂಡುತ್ತಿದ್ದ ಚಿತ್ರದ ಅಳತೆ 24×36 ಮಿ. ಮೀ. ಮುಂದೆ ಇದೇ ಅಳತೆ ಲೋಕದಲ್ಲೆಲ್ಲಾ ರೂಢವಾಯಿತು. ಇಂದು ‘ಫುಲ್ ಫ್ರೇಮ್’ ಎನ್ನುವುದು ಈ ಅಳತೆಯನ್ನೇ. ಕ್ಯಾಮರಾವನ್ನು ನಿಲುವಾಗಿ ಹಿಡಿದು ತಲೆ ಮತ್ತು ಭುಜಗಳ ಚಿತ್ರ ತೆಗೆಯುವಾಗ ಚೌಕಟ್ಟಿನೊಳಗೆ ಎತ್ತರದಲ್ಲಿ ಸುಮಾರು 60 ಸೆಂ. ಮೀ. ಹಿಡಿಸಬೇಕು. 24×36ರ ಕ್ಯಾಮರಾದಲ್ಲಿ ಇದಕ್ಕೆ 85 ಮಿ. ಮೀ. ಲೆನ್ಸಿನಿಂದ ಒಂದೂವರೆ ಮೀಟರು, 105ರಿಂದ ಎರಡು ಮೀಟರಿಗೆ ಸ್ವಲ್ಪ ಕಡಿಮೆ ದೂರದಲ್ಲಿ ನಿಲ್ಲಬೇಕಾಗುತ್ತದೆ. ಮೇಲೆ ಹೇಳಿದ ಹಿತವಾದ ದೂರಕ್ಕೆ ಇವು ಸರಿಯಾಗಿ ಹೊಂದುತ್ತವೆ. 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರವೊಂದರಲ್ಲಿ ಸ್ಟೀವ್ ಮಕರಿ ತೆಗೆದ, ಹಸುರು ಕಣ್ಣಿನ ಆಫ್ಘನ್ ಹುಡುಗಿಯ ಚಿತ್ರವನ್ನು ವಾಚಕರು ಕಂಡಿರಬಹುದು. 1985ರ ಜೂನಿನಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆಯ ಮುಖಪುಟದಲ್ಲಿ ಅದು ಅಚ್ಚಾಯಿತು. ಅದಕ್ಕೆ ಬಳಸಿದ್ದು ನಿಕಾನಿನ 105 ಮಿ. ಮೀ., ಎಫ್ 2.5 ಲೆನ್ಸು. ಅದೇ ಕ್ಯಾಮರಾದಲ್ಲಿ 50 ಮಿ. ಮೀ. ಲೆನ್ಸು ಹಾಕಿ ಮುಖವನ್ನು ಅಷ್ಟೇ ತುಂಬಿಸಬೇಕಾದರೆ ಅರ್ಧದಷ್ಟು ದೂರಕ್ಕೆ ನುಗ್ಗಬೇಕು. ಆದಕಾರಣವೇ ಹಿರಿಯರು 50 ಮುಖಕ್ಕೆ ಆಗದೆಂದರು. ಅವರ ಕ್ಯಾಮರಾದ ಮಟ್ಟಿಗೆ ಅದು ಸರಿ.

ನಮ್ಮ ಕ್ಯಾಮರಾ ಹಾಗಲ್ಲ. ವಿದ್ಯಾರ್ಥಿಗಳಿಗೆ ಎಟಕುವ ಬೆಲೆಯ ಕ್ಯಾಮರಾಗಳಲ್ಲಿ, ಅವು ಕನ್ನಡಿಯುಳ್ಳ ಹಳೆಯ ಮಾದರಿಯವಾಗಲಿ ಕನ್ನಡಿಯಿಲ್ಲದ ಹೊಸ ಮಾದರಿಯವಾಗಲಿ, ಬಹುಪಾಲು ಇರುವುದು ಕಿರಿದಾದ ಸೆನ್ಸರು. ಕ್ಯಾನನ್ನಿನಲ್ಲಿ ಅದರ ಉದ್ದ ಸುಮಾರು 22.3 ಮಿ. ಮೀ.; ನಿಕಾನ್, ಸೋನಿ, ಫ್ಯೂಜಿಗಳಲ್ಲಿ ಸುಮಾರು 23.5. 36ನ್ನು ಇವುಗಳಿಂದ ಭಾಗಿಸಿದರೆ 1.6, 1.5 ಎಂಬ ಕ್ರಾಪ್ ಅಂಶಗಳು ದೊರೆಯುತ್ತವೆ. ಕ್ರಾಪ್ ಎಂದರೆ ಕತ್ತರಿಸುವುದು ತಾನೆ! ದೊಡ್ಡ ಚಿತ್ರದ ಅಂಚುಗಳನ್ನು ಕತ್ತರಿಸಿ ನಡುಭಾಗವನ್ನು ಮಾತ್ರ ಇಟ್ಟುಕೊಂಡಂತೆ ಇದರ ಕೆಲಸ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳು ಒಂದಕ್ಕೊಂದು ಎದುರುಬದುರಾಗಿ ನಿಂತಿವೆ. ಕ್ರಾಪ್ ಕ್ಯಾಮರಾಕ್ಕೆ ಹಾಕಿದೊಡನೆ 50 ಮಿ. ಮೀ. ಲೆನ್ಸು 80 ಮಿ. ಮೀ. ಲೆನ್ಸೇ ಆಗಿಬಿಡುತ್ತದೆಂದು ಕೆಲವರು ಹೇಳುತ್ತಾರೆ. ಲೆನ್ಸಿಗೆ ತನ್ನ ಹಿಂದೆ ಯಾವ ಸೆನ್ಸರಿದೆಯೆಂಬುದು ತಿಳಿಯದು. ಅದು 50 ಆಗಿಯೇ ಉಳಿಯುತ್ತದೆ. ಇನ್ನು ಕೆಲವರು, 50 ಎಂದೂ 50 ಆದ್ದರಿಂದ ಕ್ರಾಪ್ ಕ್ಯಾಮರಾದಲ್ಲೂ ಅದು ಮೂಗನ್ನು ಉಬ್ಬಿಸಿಯೇ ತೀರುತ್ತದೆ, ಆದ್ದರಿಂದ 85ನ್ನೇ ಕೊಳ್ಳಬೇಕೆಂದು ವಾದಿಸುತ್ತಾರೆ. ಇದೂ ಸರಿಯಲ್ಲ. ಸೆನ್ಸರು ಕಿರಿದಾದ್ದರಿಂದ ಅದೇ ತಲೆ ಮತ್ತು ಭುಜಗಳನ್ನು ಚೌಕಟ್ಟಿನಲ್ಲಿ ಹಿಡಿಸುವುದಕ್ಕೆ ನಾವು ಹಿಂದಕ್ಕೆ ಸರಿಯಲೇಬೇಕಾಗುತ್ತದೆ. ಹಿಂದಕ್ಕೆ ಸರಿದೊಡನೆ ಮೂಗು ಸರಿಹೋಗುತ್ತದೆ. ಎರಡು ವಾದಗಳೂ ಲೆನ್ಸಿನ ಮೇಲಿನ ಸಂಖ್ಯೆಯನ್ನು ನೋಡಿದುವೇ ಹೊರತು ನೆಲದ ಮೇಲಿನ ಹೆಜ್ಜೆಗಳನ್ನು ಎಣಿಸಲಿಲ್ಲ.

ಎಣಿಸುವುದು ಕಷ್ಟವೇನಲ್ಲ. ಚೌಕಟ್ಟಿನಲ್ಲಿ ಹಿಡಿಸಬೇಕಾದ ಎತ್ತರವನ್ನು ಸೆನ್ಸರಿನ ಉದ್ದದಿಂದ ಭಾಗಿಸಿ, ಒಂದನ್ನು ಕೂಡಿಸಿ, ನಾಭಿದೂರದಿಂದ ಗುಣಿಸಿದರೆ ನಿಲ್ಲಬೇಕಾದ ದೂರ ಹೆಚ್ಚು ಕಡಿಮೆ ದೊರೆಯುತ್ತದೆ. ಕ್ಯಾನನ್ನಿನ ಕ್ರಾಪ್ ಸೆನ್ಸರನ್ನೇ ತೆಗೆದುಕೊಳ್ಳೋಣ. 600 ಮಿ. ಮೀ. ಎತ್ತರವನ್ನು 22.3ರಿಂದ ಭಾಗಿಸಿದರೆ 27; ಒಂದು ಕೂಡಿಸಿದರೆ 28. ಇದನ್ನು 35ರಿಂದ ಗುಣಿಸಿದರೆ ಒಂದು ಮೀಟರಿಗೆ ತುಸು ಕಡಿಮೆ, 50ರಿಂದ ಗುಣಿಸಿದರೆ 1.4 ಮೀಟರು, 85ರಿಂದ ಗುಣಿಸಿದರೆ ಸುಮಾರು 2.4 ಮೀಟರು. ಸೊಂಟದವರೆಗಿನ ಚಿತ್ರಕ್ಕೆ ಒಂದು ಮೀಟರು ಎತ್ತರ ಹಿಡಿಸಬೇಕೆಂದರೆ ಇದೇ ಕ್ರಮದಲ್ಲಿ 1.6, 2.3, 3.9 ಮೀಟರುಗಳಾಗುತ್ತವೆ. ನಿಂತ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ತೆಗೆಯಲು 35ಕ್ಕೆ ಮೂರು ಮೀಟರಿಗೆ ಸ್ವಲ್ಪ ಮೇಲೆ, 50ಕ್ಕೆ ನಾಲ್ಕೂವರೆ, 85ಕ್ಕೆ ಏಳೂಮುಕ್ಕಾಲು ಮೀಟರು ಜಾಗ ಬೇಕು.

ಈಗ ಮನೆಯನ್ನು ಅಳೆಯಿರಿ. ನಮ್ಮ ಸಾಮಾನ್ಯ ಮನೆಗಳ ಕೋಣೆ ಹತ್ತು ಅಡಿ ಉದ್ದವೆಂದಿಟ್ಟುಕೊಂಡರೆ ಅದು ಮೂರು ಮೀಟರು. ಕುಳಿತವರ ಬೆನ್ನ ಹಿಂದಿನ ಗೋಡೆ ಮಸುಕಾಗಬೇಕು, ನೆರಳೂ ಅದರ ಮೇಲೆ ಬೀಳಬಾರದು. ಅದಕ್ಕೆ ಒಂದು ಮೀಟರಾದರೂ ಬಿಡಬೇಕು. ಇತ್ತ ತೆಗೆಯುವವನು ಗೋಡೆಗೆ ಬೆನ್ನು ಹಚ್ಚಿ ನಿಂತರೂ ಅವನ ಮೈಗೂ ಕ್ಯಾಮರಾಕ್ಕೂ ಅರ್ಧ ಮೀಟರು ಹೋಗುತ್ತದೆ. ಉಳಿದದ್ದು ಒಂದೂವರೆ ಮೀಟರು. ಇದು 50 ಮಿ. ಮೀ. ಲೆನ್ಸು ಕೇಳುವ ದೂರವೇ. 85ನ್ನು ಕೊಂಡು ತಂದವನು ಆ ಕೋಣೆಯಲ್ಲಿ ಬಾಗಿಲು ತೆಗೆದು, ಹೊಸಿಲು ದಾಟಿ, ಕಡೆಗೆ ಬೀದಿಗೆ ಇಳಿಯಬೇಕಾಗುತ್ತದೆ. ಮೂಗಿನ ಹಿಗ್ಗು ಶೇಕಡಾ 8ರಿಂದ 5ಕ್ಕೆ ಇಳಿಯುವುದೇನೋ ನಿಜ. ಆದರೆ ಆ ಲಾಭಕ್ಕಾಗಿ ಅಜ್ಜಿಯನ್ನು ಕೂಗಿ ಮಾತಾಡಿಸಬೇಕಾದರೆ ಚಿತ್ರದಲ್ಲಿ ಬರುವುದು ಕಿವಿಗೊಟ್ಟು ಕೇಳಿಸಿಕೊಳ್ಳಲು ಹೆಣಗುತ್ತಿರುವ ಅಜ್ಜಿಯ ಮುಖ. ಒಂದೂವರೆ ಮೀಟರಿನಲ್ಲಿ ಮೆಲ್ಲಗೆ ಮಾತಾಡಬಹುದು. ಭಾವಚಿತ್ರದಲ್ಲಿ ಈ ಮಾತಿಗಿರುವ ಬೆಲೆಯನ್ನು ಲೆನ್ಸಿನ ಪುಸ್ತಕಗಳು ಸಾಕಷ್ಟು ಹೇಳುವುದಿಲ್ಲವೆಂಬುದು ನನ್ನ ಆಕ್ಷೇಪಣೆ.

ಆದ್ದರಿಂದ ಒಂದೇ ಲೆನ್ಸನ್ನು ಕೊಳ್ಳಬಲ್ಲ, ಮನೆಯೊಳಗೆ ಮುಖಗಳನ್ನು ತೆಗೆಯಬೇಕೆಂದಿರುವ ವಿದ್ಯಾರ್ಥಿಗೆ 50 ಮಿ. ಮೀ., ಎಫ್ 1.8 ಲೆನ್ಸೇ ತಕ್ಕದ್ದೆಂದು ನನ್ನ ಅಭಿಪ್ರಾಯ. ಅದು ಅಗ್ಗವಾಗಿರುವುದು ನಮ್ಮ ಭಾಗ್ಯ. ಕಿರುಸೆನ್ಸರಿಗೆಂದೇ ಲೆನ್ಸು ಮಾಡುವ ತಯಾರಕರೂ ಈ ಸುತ್ತಿನಲ್ಲೇ ನಿಂತಿದ್ದಾರೆ. ಫ್ಯೂಜಿಯವರು 2014ರಲ್ಲಿ ತಂದ ಎಫ್ 1.2ರ ಭಾವಚಿತ್ರದ ಲೆನ್ಸೂ, ಸಿಗ್ಮಾದವರು 2018ರಲ್ಲಿ ತಂದ ಎಫ್ 1.4ರ ಲೆನ್ಸೂ 56 ಮಿ. ಮೀ. ನಾಭಿದೂರದವು. 1.5ರಿಂದ ಗುಣಿಸಿದರೆ 84. ಹಳೆಯ 85ರ ನೋಟವೇ ಅಲ್ಲಿದೆ.

ಅಂಗಳ, ತೋಟ, ಕಾಲೇಜಿನ ಮೈದಾನ, ವೇದಿಕೆ, ಇವೇ ನಿಮ್ಮ ಕ್ಷೇತ್ರವಾದರೆ 85ನ್ನು ಆರಿಸಿಕೊಳ್ಳಿ. ಅಲ್ಲಿ ಅದು ರಾಜ. ಕುಂಬಾರನನ್ನು ಅವನ ತಿಗರಿಯೊಡನೆ, ನೇಕಾರನನ್ನು ಅವನ ಮಗ್ಗದೊಡನೆ, ಅಡಿಗೆಮನೆಯಲ್ಲಿ ತಾಯಿಯನ್ನು ಅವಳ ಪಾತ್ರೆಪಡಗಗಳೊಡನೆ ತೋರಿಸಬೇಕೆಂಬ ಹಂಬಲವಿದ್ದರೆ 35 ಬೇಕು. ಒಂದೂಮುಕ್ಕಾಲು ಮೀಟರಿನಲ್ಲಿ ನಿಂತರೆ ಅದೂ ಮುಖವನ್ನು ಕೆಡಿಸುವುದಿಲ್ಲ. ಅದರಿಂದ ಬರೀ ಮುಖವನ್ನು ತುಂಬಿಸಹೋದಾಗ ಮಾತ್ರ ತೊಂದರೆ.

ಎಫ್ 1.8 ಎಂಬುದರ ಅರ್ಥವನ್ನೂ ಸ್ವಲ್ಪ ವಿಚಾರಿಸೋಣ. ನಾಭಿದೂರವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಹೊಗುವ ಕಂಡಿಯ ಅಗಲ ಸಿಕ್ಕುತ್ತದೆ. 50ನ್ನು 1.8ರಿಂದ ಭಾಗಿಸಿದರೆ 28 ಮಿ. ಮೀ., ಎಂದರೆ ಹತ್ತು ರೂಪಾಯಿನ ನಾಣ್ಯದಷ್ಟು. ನಮ್ಮ ಜೂಮ್ ಲೆನ್ಸು 55 ಮಿ. ಮೀ.ನಲ್ಲಿ ಎಫ್ 5.6, ಅದರ ಕಂಡಿ 10 ಮಿ. ಮೀ. ಕೂಡ ಇಲ್ಲ. ಸೆನ್ಸರಿನ ಮೇಲೆ ಬೀಳುವ ಬೆಳಕಿನಲ್ಲಿ ಸುಮಾರು ಹತ್ತರಷ್ಟು ವ್ಯತ್ಯಾಸವಾಗುತ್ತದೆ. ಜೂಮಿನಿಂದ ಸೆಕೆಂಡಿನ 15ನೆಯ ಒಂದು ಭಾಗ ಬೇಕಾದ ನಡುಮನೆಯಲ್ಲಿ ಪ್ರೈಮಿನಿಂದ 125ನೆಯ ಒಂದು ಭಾಗ ಸಾಕು. ಅಜ್ಜಿಯ ತಲೆ ಸ್ವಲ್ಪ ಅಲುಗಿದರೂ ಚಿತ್ರ ನಿಲ್ಲುತ್ತದೆ.

ಹಿನ್ನೆಲೆಯ ಮಸುಕಿಗೂ ಈ ಕಂಡಿಗೂ ಒಂದು ಸೊಗಸಾದ ಸಂಬಂಧವಿದೆ. ಬಹುದೂರದಲ್ಲಿರುವ ದೀಪವೊಂದು ಮುಖದ ಪಕ್ಕದಲ್ಲಿ ಮಸುಕಾದ ಬಿಲ್ಲೆಯಾಗಿ ಕಾಣುತ್ತದಷ್ಟೆ. ಮುಖದ ಅಳತೆಯಲ್ಲಿ ಹೇಳುವುದಾದರೆ ಆ ಬಿಲ್ಲೆ ಸರಿಯಾಗಿ ಲೆನ್ಸಿನ ಕಂಡಿಯಷ್ಟೇ ಅಗಲವಾಗಿರುತ್ತದೆ. 50, ಎಫ್ 1.8ರಲ್ಲಿ ದೀಪ ಕೆನ್ನೆಯ ಪಕ್ಕ ಹತ್ತು ರೂಪಾಯಿನ ನಾಣ್ಯವಾಗುತ್ತದೆ. 85, ಎಫ್ 1.8ರಲ್ಲಿ ಒಳ್ಳೆಯ ನಿಂಬೆಹಣ್ಣಾಗುತ್ತದೆ. 18–55ರಲ್ಲಿ ಕಡಲೆಕಾಳಿನಷ್ಟಾಗಿ ಉಳಿಯುತ್ತದೆ. ಹಿನ್ನೆಲೆ ಕರಗಬೇಕೆಂಬುದೇ ನಿಮ್ಮ ಮುಖ್ಯ ಆಸೆಯಾದರೆ 85ರ ಪರವಾದ ಬಲವಾದ ವಾದ ಇದೇ. ಹೊರಗಿನ ಬಯಲಿನಲ್ಲಿ ಅದಕ್ಕೆ ಎದುರಿಲ್ಲ. ಕೋಣೆಯೊಳಗಾದರೋ ಗೋಡೆ ಒಂದು ಮೀಟರಿನಲ್ಲೇ ನಿಂತಿರುವುದರಿಂದ ಈ ವೈಭವಕ್ಕೆ ಅವಕಾಶ ಕಡಿಮೆ.

ಆದರೆ ಕಂಡಿಯನ್ನು ಪೂರ್ತಿ ತೆರೆಯುವ ಚಪಲಕ್ಕೆ ಕಡಿವಾಣ ಬೇಕು. ಮೇಲೆ ಹೇಳಿದ ತಲೆ ಮತ್ತು ಭುಜಗಳ ಚೌಕಟ್ಟಿನಲ್ಲಿ ಎಫ್ 1.8 ಇಟ್ಟರೆ ಚೂಪಾಗಿ ಕಾಣುವ ಆಳ ಸುಮಾರು 5 ಸೆಂ. ಮೀ. ಮಾತ್ರ. ಮುಖ ಸ್ವಲ್ಪ ಓರೆಯಾಗಿದ್ದರೆ ಒಂದು ಕಣ್ಣು ಚೂಪಾಗಿ ಇನ್ನೊಂದು ಮಸುಕಾಗುತ್ತದೆ. ಎಫ್ 2.8ರಲ್ಲಿ ಈ ಆಳ 8 ಸೆಂ. ಮೀ.; ಎಫ್ 4ರಲ್ಲಿ ಸುಮಾರು 12, ಎಂದರೆ ಮೂಗಿನಿಂದ ಕಿವಿಯವರೆಗೆ. ಚೌಕಟ್ಟು ಅದೇ, ಎಫ್ ಸಂಖ್ಯೆ ಅದೇ ಆಗಿದ್ದರೆ 50ಕ್ಕೂ 85ಕ್ಕೂ ಈ ಆಳದಲ್ಲಿ ವ್ಯತ್ಯಾಸವಿಲ್ಲವೆಂದರೆ ಹಲವರು ನಂಬುವುದಿಲ್ಲ. ಲೆಕ್ಕ ಹಾಕಿ ನೋಡಬಹುದು. ಸುಕ್ಕುಗಟ್ಟಿದ ಮುಖವನ್ನು, ಅದರಲ್ಲೂ ಎಂಬತ್ತು ವರ್ಷದ ಬದುಕು ಗೆರೆಗಳಾಗಿ ನಿಂತ ಮುಖವನ್ನು, ತೆಗೆಯುವಾಗ ನಾನು 2.8ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಆ ಗೆರೆಗಳನ್ನು ಮಸುಕಿನಲ್ಲಿ ಮುಚ್ಚುವುದು ಅವರಿಗೆ ಮಾಡುವ ಉಪಕಾರವೆಂದು ನನಗೆ ತೋರುವುದಿಲ್ಲ.

ಇನ್ನು ಕೊಳ್ಳುವ ಮಾತು. ಕ್ಯಾನನ್ನಿನ ಇಎಫ್ ಜಾತಿಯ ಲೆನ್ಸುಗಳಲ್ಲಿ ಫೋಕಸಿನ ಮೋಟಾರು ಲೆನ್ಸಿನೊಳಗೇ ಇರುತ್ತದೆ. 1990ರ ಎಫ್ 1.8 ಎರಡನೆಯ ಮಾದರಿಯಾಗಲಿ, 2015ರ ಎಸ್‌ಟಿಎಂ ಮಾದರಿಯಾಗಲಿ ಅವರ ಯಾವ ಕ್ರಾಪ್ ಕನ್ನಡಿ ಕ್ಯಾಮರಾಕ್ಕೂ ಕೂರುತ್ತದೆ. ಹೊಸದರ ಮೋಟಾರು ಸದ್ದಿಲ್ಲದ್ದು, ಅದರ ಹಿಡಿ ಲೋಹದ್ದು. ಬೆಲೆಯ ಅಂತರ ಸ್ವಲ್ಪವಾದರೆ ಅದನ್ನೇ ಕೊಳ್ಳಿ. ನಿಕಾನಿನವರು ಎಚ್ಚರವಾಗಿರಬೇಕು. ಡಿ 3000, ಡಿ 5000 ಸಾಲಿನ ಕ್ಯಾಮರಾಗಳೊಳಗೆ ಫೋಕಸಿನ ಮೋಟಾರಿಲ್ಲ. ಅಗ್ಗವಾಗಿ ಸಿಕ್ಕಿತೆಂದು ಹಳೆಯ 50 ಮಿ. ಮೀ. ಎಫ್ 1.8 ‘ಡಿ’ ಲೆನ್ಸನ್ನು ತಂದರೆ ಕೈಯಲ್ಲೇ ತಿರುಗಿಸಿ ಫೋಕಸು ಮಾಡಬೇಕಾಗುತ್ತದೆ. 2011ರಲ್ಲಿ ಬಂದ ‘ಎಎಫ್-ಎಸ್’ ಎಂದು ಬರೆದಿರುವ ‘ಜಿ’ ಲೆನ್ಸನ್ನು ಕೇಳಿ ಪಡೆಯಿರಿ. ಕನ್ನಡಿಯಿಲ್ಲದ ಹೊಸ ಕ್ಯಾಮರಾಗಳಿಗೆ ಕೂರಿಸುವ ಬಳೆ ಬೇರೆ. ಹಳೆಯ ಲೆನ್ಸಿಗೆ ನಡುವೆ ಅಡಾಪ್ಟರು ಬೇಕಾಗುತ್ತದೆ, ಅದರ ಬೆಲೆಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಕೈಬದಲಾದ ಲೆನ್ಸನ್ನು ಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ, ಬೂಷ್ಟೊಂದನ್ನು ನೋಡಿಕೊಂಡರೆ ಸರಿ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಗಾಜಿನ ಮೇಲೂ ಬೂಷ್ಟು ಹಿಡಿಯುತ್ತದೆ. ಕಂಡಿಯನ್ನು ತೆರೆದು, ಒಂದು ಕಡೆಯಿಂದ ಟಾರ್ಚು ಬಿಟ್ಟು ಇನ್ನೊಂದು ಕಡೆಯಿಂದ ನೋಡಿದರೆ ಜೇಡನ ಬಲೆಯಂಥ ಎಳೆಗಳು ಕಾಣುತ್ತವೆ. ಕಂಡರೆ ಬೆಲೆ ಎಷ್ಟೇ ಇಳಿಸಲಿ, ಬೇಡವೆನ್ನಿ. ಎರಡು ಮೂರು ಕಣ ಧೂಳಿಗೆ ಹೆದರಬೇಕಾಗಿಲ್ಲ. ಮನೆಗೆ ತಂದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಿ. ಅಕ್ಕಿಯ ಡಬ್ಬಿಯಲ್ಲಿ ಹೂಳುವವರಿದ್ದಾರೆ. ಅಕ್ಕಿಯ ಹಿಟ್ಟು ಲೆನ್ಸಿನ ಸಂದಿಗೆ ಹೋಗುವುದೇ ಅದರಿಂದ ಬರುವ ಫಲ.

ಹಣ ತೆರುವ ಮೊದಲು ಮಾಡಬೇಕಾದ ಒಂದು ಪರೀಕ್ಷೆಯಿದೆ. ಅದಕ್ಕೆ ಬಿಡಿಕಾಸೂ ಬೇಡ. ನಿಮ್ಮಲ್ಲಿರುವ ಜೂಮ್ ಲೆನ್ಸನ್ನು 50ಕ್ಕೆ ತಿರುಗಿಸಿ, ಬೇಕಾದರೆ ಒಂದು ತುಂಡು ಟೇಪು ಅಂಟಿಸಿ, ಒಂದು ವಾರ ಹಾಗೆಯೇ ಮನೆಯವರ ಚಿತ್ರ ತೆಗೆಯಿರಿ. ಮರುವಾರ 35ಕ್ಕೆ ಇಡಿ. ಎಷ್ಟು ಸಲ ಗೋಡೆಗೆ ಬೆನ್ನು ತಾಗಿತು, ಎಷ್ಟು ಸಲ ಇನ್ನೂ ಮುಂದಕ್ಕೆ ಹೋಗಬೇಕೆನಿಸಿತು ಎಂಬುದನ್ನು ಗಮನಿಸಿದರೆ ನಿಮ್ಮ ಲೆನ್ಸು ಯಾವುದೆಂದು ನಿಮ್ಮ ಮನೆಯೇ ಹೇಳುತ್ತದೆ. 85ನ್ನು ಈ ಜೂಮಿನಲ್ಲಿ ನೋಡಲಾಗುವುದಿಲ್ಲ. ಸ್ನೇಹಿತರಲ್ಲಿ ಯಾರ ಬಳಿಯಾದರೂ 55–250ರ ಲೆನ್ಸಿದ್ದರೆ ಒಂದು ದಿನ ಕಡ ತನ್ನಿ.

ಲೆನ್ಸು ಬಂದ ದಿನ ಕುರ್ಚಿಯನ್ನು ತಲೆಬಾಗಿಲಿನಿಂದ ಮೂರು ಅಡಿ ಒಳಗೆ, ಬಾಗಿಲಿಗೆ ಓರೆಯಾಗಿ ಹಾಕಿ ಅಜ್ಜಿಯನ್ನು ಕೂರಿಸಿ. ಒಳಗಿನ ಟ್ಯೂಬುಲೈಟನ್ನು ಆರಿಸಿಬಿಡಿ. ಬೆಳಗಿನ ಹತ್ತು ಗಂಟೆಗೆ ಜಗಲಿಯಿಂದ ಒಳಬರುವ ಬೆಳಕು ಒಂದು ಕೆನ್ನೆಯನ್ನು ತಿದ್ದಿ ಇನ್ನೊಂದನ್ನು ಮೃದುವಾದ ನೆರಳಿನಲ್ಲಿ ಬಿಡುತ್ತದೆ. ಎಫ್ 2.8, ಷಟರು 125ನೆಯ ಒಂದು ಭಾಗ, ಫೋಕಸು ಕ್ಯಾಮರಾಕ್ಕೆ ಹತ್ತಿರವಿರುವ ಕಣ್ಣಿನ ಮೇಲೆ. ಬೆಳಕು ಸಾಲದಿದ್ದರೆ ಐಎಸ್‌ಒವನ್ನು ಏರಿಸಿ, ಷಟರನ್ನು ಇಳಿಸಬೇಡಿ. ಮೊದಲ ಏಳೆಂಟು ಚಿತ್ರಗಳಲ್ಲಿ ಅವರು ಬ್ಯಾಂಕಿನ ಪುಸ್ತಕಕ್ಕೆ ಕೂತಂತೆ ಸೆಟೆದು ಕೂತಿರುತ್ತಾರೆ. ತೆಗೆಯುತ್ತಲೇ ಇರಿ, ಅವರ ತವರೂರಿನ ಜಾತ್ರೆಯ ವಿಷಯ ಕೇಳಿ. 24 ಮೆಗಾಪಿಕ್ಸೆಲಿನ ಕ್ರಾಪ್ ಸೆನ್ಸರು ಉದ್ದಕ್ಕೆ 6000 ಚುಕ್ಕೆಗಳನ್ನು ಕೊಡುವುದರಿಂದ, ಆರಿಸಿದ ಚಿತ್ರವನ್ನು 12×18 ಅಂಗುಲದ ಕಟ್ಟಿಗೆ ಧಾರಾಳವಾಗಿ ಮುದ್ರಿಸಬಹುದು.